ಹದಿಮೂರು ಬಕೆಟ್ ನೀರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೆಟ್ಟಿಲು ಕಂಡರೆ ಆಗುವುದಿಲ್ಲ. ಇಪ್ಪತ್ತಾರು ವರ್ಷದಿಂದ ಒಂದೇ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದೇನೆ. ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲು, ತಲೆಯ ಮೇಲೊಂದು ಪುಟ್ಟ ಫ್ಯಾನು, ಕೈಗೆ ಸಿಗುವ ಹಾಗೆ ಗುಂಡಿಗಳು. ಬಂದವರ ಮುಖ ನೋಡಿಯೇ ಇವರಿಗೆ ಯಾವ ಮಹಡಿ ಎಂದು ತಿಳಿದು ಗುಂಡಿ ಒತ್ತುತ್ತೇನೆ. ಲಿಫ್ಟು ಕೈಕೊಟ್ಟ ದಿನ ಕೆಳಗೇ ಕುಳಿತು ರಿಪೇರಿಯವನ ದಾರಿ ಕಾಯುತ್ತೇನೆಯೇ ಹೊರತು ಮೆಟ್ಟಿಲ ಕಡೆ ತಲೆ ಹಾಕಿ ಮಲಗುವುದೂ ಇಲ್ಲ. ಲಿಫ್ಟಿನವನು ಮೆಟ್ಟಿಲು ಹತ್ತಿದರೆ ಅದು ಅವನ ಕಸುಬಿಗೇ ಅವಮಾನ ಎಂಬುದು ನನ್ನ ಪಾಲಿಸಿ. ಹೆಂಡತಿ ಇದಕ್ಕೆ ಸೋಮಾರಿತನ ಎನ್ನುತ್ತಾಳೆ. ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಮ್ಮ ಕಟ್ಟಡದ ಮೆಟ್ಟಿಲುಗಳ ಒಡತಿ ಬೇರೆಯೇ ಇದ್ದಾಳೆ. ಹನ್ನೊಂದು ವರ್ಷದಿಂದ ಅವನ್ನು ಗುಡಿಸಿ ಒರೆಸುವವಳು. ಎಲ್ಲರೂ ಅವಳನ್ನು ಮೆಟ್ಟಿಲಕ್ಕ ಎನ್ನುತ್ತಾರೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೂ ಬಾಯಿಗೆ ಹಾಗೇ ಬಂದುಬಿಟ್ಟಿದೆ. ಬೆಳಗ್ಗೆ ಒಂಬತ್ತಕ್ಕೆ ಬಕೆಟ್ಟು, ಉದ್ದ ಕೋಲಿನ ಒರೆಸುವ ಬಟ್ಟೆ ಹಿಡಿದು ನನ್ನ ಲಿಫ್ಟಿನಲ್ಲಿ ಮೇಲಿನ ಮಹಡಿಗೆ ಹೋಗುತ್ತಾಳೆ. ಅಲ್ಲಿಂದ ಒರೆಸುತ್ತಾ ಇಳಿಯುತ್ತಾಳೆ. ಒಂದು ಮಹಡಿ ಮುಗಿದರೆ ಆ ಮಹಡಿಯ ನಲ್ಲಿಯಲ್ಲಿ ನೀರು ಬದಲಾಯಿಸಿಕೊಳ್ಳುತ್ತಾಳೆ. ಒಂದು ಮಹಡಿಯ ಕೊಳೆ ಇನ್ನೊಂದಕ್ಕೆ ತಗುಲಬಾರದಂತೆ. ನೋಡುವವರು ಯಾರೂ ಇಲ್ಲದ ಕಡೆ ಇಷ್ಟೊಂದು ಮಡಿ ಯಾಕೆ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ. ಅವಳು ನಕ್ಕುಬಿಡುತ್ತಿದ್ದಳು.

ತಲೆ ತಗ್ಗಿಸಿ ಮಾಡುವ ಕೆಲಸವಾದ್ದರಿಂದ ಅವಳಿಗೆ ಜನರ ಗುರುತು ಮುಖದಿಂದ ಅಲ್ಲ, ಚಪ್ಪಲಿ ಬೂಟುಗಳಿಂದ. ಒಮ್ಮೆ, “ಅಣ್ಣ, ಐದನೇ ಮಹಡಿ ವಕೀಲರ ಎಡಗಾಲಿನ ಹಿಮ್ಮಡಿ ಒಂದೇ ಕಡೆ ಸವೀತಿದೆ, ಅವರಿಗೆ ಸೊಂಟ ನೋವು ಶುರುವಾಗತ್ತೆ ನೋಡ್ತಿರು” ಎಂದಳು. ಎರಡು ತಿಂಗಳಿಗೆ ವಕೀಲರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂದರು. ಅಂದಿನಿಂದ ಅವಳು ನನ್ನ ಕಾಲ ಕಡೆ ನೋಡಿದರೆ ನಾನು ಕಾಲು ಸ್ಟೂಲಿನ ಕೆಳಗೆ ಎಳೆದುಕೊಳ್ಳುತ್ತಿದ್ದೆ.

ಅಷ್ಟೆಲ್ಲ ಊಹಿಸಿದವಳಿಗೆ ತನ್ನದೇ ಸೊಂಟದ ಸುದ್ದಿ ತಿಳಿಯಲಿಲ್ಲ.

ಅವಳಿಗೆ ಒಬ್ಬಳೇ ಮಗಳು. ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ. ಎರಡು ಊರುಗೋಲು ಹಿಡಿದು ಸಮನೆಲದಲ್ಲಿ ಓಡಾಡುತ್ತಾಳೆ, ಮೆಟ್ಟಿಲು ಬಂದರೆ ಅಲ್ಲಿಗೆ ನಿಲ್ಲುತ್ತಾಳೆ. ಕಾಲಿಗಿಲ್ಲದ ಶಕ್ತಿಯೆಲ್ಲ ಬಾಯಿಗೆ ಬಂದಿದೆ. ನಾನೇ ಅವಳಿಗೆ ಪಟಾಕಿ ಎಂದು ಹೆಸರಿಟ್ಟಿದ್ದು. ರಜೆಯಲ್ಲಿ ಅಮ್ಮನ ಜೊತೆ ಬಂದು ನನ್ನ ಲಿಫ್ಟಿನಲ್ಲೇ ಕುಳಿತುಬಿಡುತ್ತಿದ್ದಳು. ನನ್ನ ಗುಂಡಿಗಳನ್ನೆಲ್ಲ ಕಲಿತುಕೊಂಡು, ನಾನು ತಡ ಮಾಡಿದರೆ ನನ್ನನ್ನೇ ಗದರಿಸುತ್ತಿದ್ದಳು.

ಪಟಾಕಿ ಓದುವುದು ದುಡ್ಡಿಲ್ಲದವರ ಮಕ್ಕಳಿಗೆಂದೇ ನಡೆಸುವ ಒಂದು ಶಾಲೆಯಲ್ಲಿ. ದಾನಿಗಳು ಕೊಟ್ಟರೆ ನಡೆಯುತ್ತದೆ, ಕೊಡದಿದ್ದರೆ ಕುಂಟುತ್ತದೆ. ಅವಳ ತರಗತಿ ಮೂರನೇ ಮಹಡಿಯಲ್ಲಿ. ಕೆಳಗೆ ಅಡುಗೆಮನೆ, ಆಫೀಸು, ತೀರಾ ಎಳೆಯ ಮಕ್ಕಳು. ಮೆಟ್ಟಿಲಕ್ಕ ಬೆಳಗ್ಗೆ ಮಗಳನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತಿಸಿ, ಅಲ್ಲಿಂದ ಓಡಿಬಂದು ನಮ್ಮ ಕಟ್ಟಡ ಒರೆಸಿ, ಸಂಜೆ ಮತ್ತೆ ಹೋಗಿ ಹೊತ್ತು ಇಳಿಸಿ ಮನೆಗೆ. ಇದು ನಾಲ್ಕು ವರ್ಷದಿಂದ ನಡೆದಿತ್ತು. ಹೊತ್ತವಳ ಬೆನ್ನು ಅಷ್ಟೇ ಇತ್ತು, ಮಗಳು ಮಾತ್ರ ಬೆಳೆಯುತ್ತಿದ್ದಳು.

ಒಂದು ಸೋಮವಾರ ಅವಳು ಕೆಲಸಕ್ಕೆ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಗುರುವಾರ ಬಂದಾಗ ಮುಖ ಸುಣ್ಣದ ಗೋಡೆಯ ಹಾಗಿತ್ತು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ನಡೆಯಬಹುದು, ಹತ್ತಬಹುದು, ಕೆಲಸವನ್ನೂ ಮಾಡಬಹುದು, ಆದರೆ ಇನ್ನು ಆ ಮಗುವನ್ನು ಹೊತ್ತರೆ ಎದ್ದು ಓಡಾಡುವ ಆಸೆ ಬಿಡಬೇಕು. ಬಕೆಟ್ಟನ್ನು ಕೂಡ ಅರ್ಧ ಮಾತ್ರ ತುಂಬಬೇಕು.

“ಹಾಗಾದ್ರೆ ಪಟಾಕಿ ಶಾಲೆ?” ಎಂದು ಕೇಳಿದೆ.

“ಈ ವರ್ಷದ ಪಾಠ ಮುಗೀತು. ಎರಡು ತಿಂಗಳು ರಜ. ಆಮೇಲೆ ಗೊತ್ತಿಲ್ಲ ಅಣ್ಣ.” ಲಿಫ್ಟು ಹತ್ತನೇ ಮಹಡಿ ದಾಟಿದ ಮೇಲೆ ಮತ್ತೆ ಹೇಳಿದಳು. “ಆ ಶಾಲೇಲಿ ಲಿಫ್ಟಿಗೆ ಅಂತ ಜಾಗ ಬಿಟ್ಟಿದಾರೆ. ಲಿಫ್ಟ್ ಹಾಕಿಸೋಕೆ ದುಡ್ಡು ಸಾಲಲಿಲ್ಲವಂತೆ. ಅವಳ ಥರದ ಮಕ್ಕಳು ಹನ್ನೊಂದು ಜನ ಇದಾರೆ.”

ಭಾನುವಾರ ಆ ಜಾಗ ನೋಡಲು ನಾನೇ ಹೋದೆ. ಕಸುಬಿನವನ ಚಟ. ಶಾಲೆಯ ಹೆಡ್ ಮೇಡಂ, ಅರವತ್ತರ ಹತ್ತಿರದ ತೆಳ್ಳನೆಯ ಹೆಂಗಸು, ಬಾಗಿಲು ತೆರೆದು ತೋರಿಸಿದರು. ಕೆಳಗಿನಿಂದ ಮೇಲಿನವರೆಗೆ ಬಾವಿಯಂಥ ಜಾಗ ಬಿಟ್ಟಿದ್ದಾರೆ, ಅಳತೆ ಸರಿಯಾಗಿದೆ, ಒಳಗೆ ಮುರಿದ ಬೆಂಚುಗಳನ್ನು ತುಂಬಿದ್ದಾರೆ. ನನಗೆ ಹೊಟ್ಟೆ ಉರಿದುಹೋಯಿತು. ಅರ್ಧ ಹಣ ಕೂಡಿದೆ, ಉಳಿದರ್ಧಕ್ಕೆ ಆರು ವರ್ಷದಿಂದ ಬಾಗಿಲು ಬಾಗಿಲು ತಿರುಗುತ್ತಿದ್ದೇನೆ ಎಂದರು ಮೇಡಂ. ನಾನು ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ಕೋಪ ಮಾಡಿಕೊಳ್ಳುವುದು ಬಿಟ್ಟು ನನಗೆ ಬೇರೇನೂ ಹೊಳೆಯಲಿಲ್ಲ.

ಹೊಳೆದದ್ದು ಮೆಟ್ಟಿಲಕ್ಕನಿಗೆ. ನಮ್ಮ ಕಟ್ಟಡದ ತುತ್ತತುದಿಯ ಮಹಡಿಯಲ್ಲಿ ಒಂದು ದೊಡ್ಡ ಕಂಪನಿಯಿದೆ. ಅವರ ಬಾಗಿಲ ಪಕ್ಕ ಒಂದು ಫೋಟೋ ಹಾಕಿದ್ದರು: ಅವರ ಬೇರೊಂದು ಊರಿನ ಆಫೀಸಿನವರು ದಿನವಿಡೀ ಸೈಕಲ್ ತುಳಿದು, ತುಳಿದ ದೂರಕ್ಕೆ ತಕ್ಕಂತೆ ಕಂಪನಿಯಿಂದ ಒಂದು ಅನಾಥಾಲಯಕ್ಕೆ ಹಣ ಕೊಡಿಸಿದ ಫೋಟೋ. ಆ ಗಾಜನ್ನು ದಿನಾ ಒರೆಸುವವಳು ಇವಳೇ. ಒಂದು ದಿನ ಒರೆಸುವುದನ್ನು ನಿಲ್ಲಿಸಿ, ಬಕೆಟ್ಟು ಹೊರಗಿಟ್ಟು, ಚಪ್ಪಲಿ ಬಿಟ್ಟು, ನೇರ ಮ್ಯಾನೇಜರ್ ರೂಮಿಗೆ ಹೋದಳು. ಅಲ್ಲಿ ನಡೆದ ಮಾತು ಆಮೇಲೆ ಮ್ಯಾನೇಜರೇ ನನಗೆ ಲಿಫ್ಟಿನಲ್ಲಿ ಹೇಳಿದ್ದು.

“ಸಾರ್, ಸೈಕಲ್ ತುಳಿದ್ರೆ ದುಡ್ಡು ಕೊಡ್ತೀರಲ್ಲ, ಮೆಟ್ಟಿಲು ಹತ್ತಿದ್ರೆ ಕೊಡಲ್ವಾ? ನನ್ನ ಹತ್ರ ಸೈಕಲ್ ಇಲ್ಲ. ಮೆಟ್ಟಿಲಿದೆ.”

ಮ್ಯಾನೇಜರ್ ಒಳ್ಳೆಯವರೇ, ಆದರೆ ಕಾಗದದ ಮನುಷ್ಯ. ಬರೆದದ್ದು ಬಿಟ್ಟು ಒಂದು ಹೆಜ್ಜೆ ಆಚೆ ಇಡುವವರಲ್ಲ. ಮೇಲಿನವರನ್ನು ಕೇಳಿ ಒಂದು ಪತ್ರ ತರಿಸಿದರು. ಕಂಪನಿಗೆ ಎಪ್ಪತ್ತು ವರ್ಷ ತುಂಬಿತ್ತು. ಅದಕ್ಕೆ ಏಳು ಸಾವಿರ ಮಹಡಿ. ಒಂದೇ ದಿನ, ಬೆಳಗ್ಗೆ ಆರರಿಂದ ಸಂಜೆ ಆರರೊಳಗೆ, ಸ್ವಂತ ಇಷ್ಟದಿಂದ ಬಂದವರು ಎಷ್ಟು ಜನವಾದರೂ ಸೇರಿ ಏಳು ಸಾವಿರ ಮಹಡಿ ಹತ್ತಿದರೆ ಲಿಫ್ಟಿನ ಉಳಿದರ್ಧ ಹಣ ಪೂರ್ತಿ ಕಂಪನಿಯದು. ಒಂದು ಮಹಡಿ ಕಡಿಮೆಯಾದರೂ ಏನೂ ಇಲ್ಲ. ಕೊನೆಗೆ ಮ್ಯಾನೇಜರ್ ಸಾಕ್ಷಿ ಸಹಿ ಹಾಕಬೇಕು.

ಪತ್ರ ಹಿಡಿದು ಅವಳು ನನ್ನ ಬಳಿ ಬಂದಳು. “ಅಣ್ಣ, ಏಳು ಸಾವಿರ ಅಂದ್ರೆ ಕೆಳಗಿಂದ ಮೇಲಕ್ಕೆ ಎಷ್ಟು ಸಲ ಹತ್ತಬೇಕು? ಲೆಕ್ಕ ನೀನು ನೋಡ್ಕೋ. ಜನ ನಾನು ನೋಡ್ಕೋತೀನಿ.”

ಮಹಡಿ ಲೆಕ್ಕವನ್ನು ಲಿಫ್ಟಿನವನಿಗೆ ಕೇಳಬೇಕೇ? ನಾನು ಪೆನ್ನು ಕೂಡ ತೆಗೆಯಲಿಲ್ಲ. ಹದಿನಾಲ್ಕು ಮಹಡಿ, ಐನೂರು ಸಲ. ಉಳಿಕೆಯಿಲ್ಲದೆ ಭಾಗವಾದದ್ದು ನೋಡಿ ಶುಭಸೂಚನೆ ಎಂದುಕೊಂಡೆ. ಜಂಬದಿಂದ ಹೇಳಿಯೂ ಹೇಳಿದೆ.

ಜನ ಸೇರಿಸುವುದಿದೆಯಲ್ಲ, ಅದನ್ನು ನೋಡಿ ನಾನು ಬೆರಗಾದೆ. ಸಂಬಳದ ಹೊರತು ಯಾರನ್ನೂ ಏನನ್ನೂ ಕೇಳದ ಹೆಂಗಸು, ಒರೆಸುತ್ತ ಒರೆಸುತ್ತ ಮೆಟ್ಟಿಲಲ್ಲಿ ಎದುರಾದ ಪ್ರತಿಯೊಬ್ಬರ ಬೂಟಿನ ಮುಂದೆ ನಿಂತು ತಲೆಯೆತ್ತಿ ಮುಖ ನೋಡಿದಳು. “ಮುಂದಿನ ತಿಂಗಳು ಮೊದಲ ಭಾನುವಾರ ನನ್ನ ಮೆಟ್ಟಿಲಿಗೆ ಬನ್ನಿ” ಎನ್ನುತ್ತಿದ್ದಳು, ಮನೆಗೆ ಕರೆಯುವ ಹಾಗೆ. ದಾನ ಎನ್ನಲಿಲ್ಲ, ಪಾಪ ಎನ್ನಲಿಲ್ಲ, ಮಗಳ ಕಾಲಿನ ಕಥೆ ಹೇಳಿ ಯಾರ ಕಣ್ಣಲ್ಲೂ ನೀರು ತರಿಸಲಿಲ್ಲ. ಹನ್ನೊಂದು ಮಕ್ಕಳಿಗೆ ಲಿಫ್ಟು ಬೇಕು, ನಿಮ್ಮ ಕಾಲು ಒಂದು ದಿನ ಬೇಕು, ಇಷ್ಟೇ. ಎರಡನೇ ಮಹಡಿಯ ಬ್ಯಾಂಕಿನವರು, ವಕೀಲರ ಗುಮಾಸ್ತರು, ಕಾವಲುಗಾರರು, ಎಂಟನೇ ಮಹಡಿಯ ಟೈಪಿಸ್ಟ್ ಹುಡುಗಿಯರು, ರಸ್ತೆಯಾಚೆ ಟೀ ಮಾರುವವನು. ಒಬ್ಬ ಟೈಪಿಸ್ಟ್ ಏಳು ತಿಂಗಳ ಬಸುರಿ. ಅವಳೂ ಹೆಸರು ಬರೆಸಲು ಬಂದಾಗ ಮೆಟ್ಟಿಲಕ್ಕ, “ನೀನು ಆಗಲೇ ಒಬ್ಬರನ್ನ ಹೊತ್ತಿದ್ದೀಯ, ಸಾಕು. ನೀರು ಕೊಡೋಕೆ ಕೂತ್ಕೋ” ಎಂದಳು. ಅರವತ್ತೆರಡು ಹೆಸರು ಸೇರಿದವು.

ಅವಳದೊಂದು ಉಪಾಯ ರಬ್ಬರ್ ಬ್ಯಾಂಡ್. ಹತ್ತಿ ತುದಿ ಮುಟ್ಟಿದವರ ಮಣಿಕಟ್ಟಿಗೆ ಅವಳು ಮೇಲೆ ನಿಂತು ಒಂದು ರಬ್ಬರ್ ಬ್ಯಾಂಡ್ ಹಾಕಬೇಕು. ಅವರು ನನ್ನ ಲಿಫ್ಟಿನಲ್ಲಿ ಇಳಿದು ಅದನ್ನು ನನಗೆ ಕೊಡಬೇಕು, ನಾನು ಹಲಗೆಯ ಮೇಲೆ ಬರೆಯಬೇಕು. ಮೇಲಿನ ಕೈ ಅವಳದು, ಕೆಳಗಿನ ಕೈ ನನ್ನದು, ಮಧ್ಯೆ ಮೋಸಕ್ಕೆ ಜಾಗವೇ ಇಲ್ಲ. ಹಲಗೆಯ ನೆತ್ತಿಯ ಮೇಲೆ ನಾನು ದಪ್ಪಕ್ಷರದಲ್ಲಿ ಬರೆದೆ: ಒಂದು ಸಲಕ್ಕೆ ಹದಿನಾಲ್ಕು ಮಹಡಿ.

ಹಿಂದಿನ ದಿನ ಶನಿವಾರ ಅವಳು ಮೆಟ್ಟಿಲುಗಳನ್ನು ಎರಡು ಸಲ ಒರೆಸಿದಳು. ಬೆವರು ಬಿದ್ದು ಹೇಗೂ ಕೊಳೆಯಾಗುತ್ತದಲ್ಲ ಎಂದರೆ, “ಜನ ಬರ್ತಾರಲ್ಲ ಅಣ್ಣ” ಎಂದಳು.

ಭಾನುವಾರ ಆರಕ್ಕೆ ಶುರುವಾಯಿತು. ಮೊದಲ ಎರಡು ಗಂಟೆ ಎಲ್ಲರೂ ಹಾರಾಡಿದರು. ಟೈಪಿಸ್ಟ್ ಹುಡುಗಿಯರು ಹಾಡು ಹೇಳಿಕೊಂಡು ಹತ್ತಿದರು. ಹತ್ತು ಗಂಟೆಗೆ ಹಾಡು ನಿಂತಿತು. ಹನ್ನೆರಡಕ್ಕೆ ಮಾತು ನಿಂತಿತು. ಮಧ್ಯಾಹ್ನದ ಮೇಲೆ ಮೆಟ್ಟಿಲಿನಿಂದ ಕೇಳುತ್ತಿದ್ದದ್ದು ಬುಸುಗುಟ್ಟುವ ಉಸಿರೊಂದೇ. ಬ್ಯಾಂಕಿನಲ್ಲಿ ಒಬ್ಬ ಭಾರಿ ಆಸಾಮಿ ಇದ್ದಾನೆ, ನಾವು ಅವನನ್ನು ಟ್ರಂಕು ಎನ್ನುತ್ತೇವೆ. ಒಂದು ಮಹಡಿಗೂ ಲಿಫ್ಟು ಬೇಡುವವನು. ಅವನು ಮೂರು ಸಲ ಹತ್ತಿ ಇಳಿದು, ನನ್ನ ಸ್ಟೂಲಿಗೆ ಒರಗಿ ನೆಲಕ್ಕೆ ಕುಳಿತು, “ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ ಕಣಪ್ಪ” ಎಂದ. ಕೆಲವರು ನಾಲ್ಕು ಹತ್ತಿ ಮನೆಗೆ ಹೋದರು. ಕೆಲವರು ಹದಿನೈದು ಹತ್ತಿದರು. ಮೇಲೆ ಅವಳು ಬೆಳಗ್ಗೆಯಿಂದ ನಿಂತ ಕಾಲಲ್ಲೇ ನಿಂತಿದ್ದಳು. ಹತ್ತಿ ಬಂದ ಪ್ರತಿಯೊಬ್ಬರ ಕೈಹಿಡಿದು ಬ್ಯಾಂಡ್ ಹಾಕಿ, ಒಂದು ಗಳಿಗೆ ಕೈ ಬಿಡದೆ ಮುಖ ನೋಡುತ್ತಿದ್ದಳಂತೆ. ಇಳಿದವರೆಲ್ಲ ನನಗೆ ಹೇಳಿದ್ದು ಅದನ್ನೇ. ಆ ನೋಟಕ್ಕಾಗಿ ಮತ್ತೆ ಹತ್ತಿದವರಿದ್ದಾರೆ.

ಐದೂ ಕಾಲಿಗೆ ಐನೂರನೆಯ ಬ್ಯಾಂಡ್ ನನ್ನ ಕೈಗೆ ಬಂತು. ಹಲಗೆಯ ಮೇಲೆ ಏಳು ಸಾವಿರ ಎಂದು ಬರೆದೆ. ಕೆಳಗಿನ ಹಾಲಿನಲ್ಲಿ ಕಾಲು ಚಾಚಿ ಬಿದ್ದಿದ್ದವರೆಲ್ಲ ಬಿದ್ದಲ್ಲೇ ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮ್ಯಾನೇಜರ್ ಕಾಗದ ತೆಗೆದು, ಪೆನ್ನಿನ ಮುಚ್ಚಳ ತೆಗೆದು, ಮೆಟ್ಟಿಲಕ್ಕ ಕೆಳಗೆ ಬರಲಿ ಎಂದು ಕಾದರು. ನಾನೇ ಲಿಫ್ಟಿನಲ್ಲಿ ಹೋಗಿ ಅವಳನ್ನು ಇಳಿಸಿಕೊಂಡು ಬಂದೆ. ಪಟಾಕಿ ಊರುಗೋಲು ಕುಟ್ಟಿಕೊಂಡು ಬಂದು ಅಮ್ಮನ ಸೊಂಟ ತಬ್ಬಿಕೊಂಡಳು.

ಮೆಟ್ಟಿಲಕ್ಕ ಬೆಳಗ್ಗೆಯಿಂದ ಮೇಲೇ ಇದ್ದವಳು, ಹಲಗೆಯನ್ನು ಆಗಲೇ ಮೊದಲ ಸಲ ನೋಡಿದ್ದು. ನೋಡುತ್ತ ನಿಂತಳು. ಅವಳ ನಗು ಮೆಲ್ಲಗೆ ಇಳಿಯಿತು.

“ಅಣ್ಣ,” ಎಂದಳು, ನನಗೆ ಮಾತ್ರ ಕೇಳುವ ಹಾಗೆ. “ಒಂದು ಸಲಕ್ಕೆ ಹದಿನಾಲ್ಕು ಅಂತ ಯಾಕೆ ಬರ್ದಿದ್ದೀಯ?”

“ಹದಿನಾಲ್ಕೇ ಅಲ್ವಾ ಇರೋದು?”

“ನಾನು ದಿನಕ್ಕೆ ಹದಿಮೂರು ಬಕೆಟ್ ನೀರು ಬದಲಾಯಿಸ್ತೀನಿ.”

ಲಿಫ್ಟಿನ ಗುಂಡಿಗಳು ಕಣ್ಣ ಮುಂದೆ ಬಂದವು. ಹತ್ತು, ಹನ್ನೊಂದು, ಹನ್ನೆರಡು, ಆಮೇಲೆ ಹದಿನಾಲ್ಕು. ಈ ಕಟ್ಟಡ ಕಟ್ಟಿಸಿದ ಪುಣ್ಯಾತ್ಮನಿಗೆ ಹದಿಮೂರು ಅಪಶಕುನದ ಸಂಖ್ಯೆ ಎಂಬ ಭಯ. ಹದಿಮೂರನೆಯದಕ್ಕೇ ಹದಿನಾಲ್ಕು ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದ. ಇಪ್ಪತ್ತಾರು ವರ್ಷ ದಿನಕ್ಕೆ ನೂರು ಸಲ ನನ್ನ ಬಾಯಿಂದಲೇ “ಹನ್ನೆರಡು, ಹದಿನಾಲ್ಕು” ಎಂದು ಕೂಗಿದ್ದೇನೆ. ಮಧ್ಯದ ಒಂದು ಸಂಖ್ಯೆ ಎಲ್ಲಿ ಹೋಯಿತು ಎಂದು ಒಂದು ದಿನವೂ ಕೇಳಿಕೊಂಡಿಲ್ಲ. ಗುಂಡಿ ಒತ್ತುವವನಿಗೆ ಅದರ ಗೊಡವೆ ಏನು? ನಡೆದು ಒರೆಸಿದವಳಿಗೆ ಗೊತ್ತಿತ್ತು. ಐನೂರು ಸಲ ಹತ್ತಿದ್ದಾರೆ, ಪ್ರತಿ ಸಲಕ್ಕೂ ಇಲ್ಲದ ಒಂದು ಮಹಡಿ ಸೇರಿದೆ. ಹತ್ತಿರುವುದು ಆರೂವರೆ ಸಾವಿರ. ಐನೂರು ಮಹಡಿ ಗಾಳಿಯಲ್ಲಿದೆ.

ಈಗ ನಿಜ ಹೇಳಬೇಕು. ನಾನು ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದೆ. “ಸುಮ್ನಿರು. ಯಾರಿಗೂ ಗೊತ್ತಿಲ್ಲ. ಕಂಪನಿಯವರ ಮಹಡಿ ಬಾಗಿಲ ಮೇಲೂ ಹದಿನಾಲ್ಕು ಅಂತಾನೇ ಇದೆ. ಗೋಡೆ ಮೇಲೆ ಬರೆದಿರೋದನ್ನ ನಾವು ಬರೆದಿದೀವಿ, ಇದರಲ್ಲಿ ಸುಳ್ಳೇನು ಬಂತು? ನಿನ್ನ ಮಗಳ ಮುಖ ನೋಡು.”

ಅವಳು ಮಗಳ ಮುಖ ನೋಡಿದಳು. ಚೆನ್ನಾಗಿಯೇ ನೋಡಿದಳು.

“ಗೋಡೆ ಮೇಲೆ ಬರೆದಿದೆ ಅಣ್ಣ. ನಾನು ಒರೆಸಿಲ್ಲ,” ಎಂದಳು. “ಒರೆಸದೇ ಇರೋ ಮಹಡಿಗೆ ಯಾವತ್ತೂ ಕೂಲಿ ತಗೊಂಡಿಲ್ಲ. ಇವಳ ಲಿಫ್ಟಿಗೆ ತಗೊಂಡ್ರೆ ಅದರೊಳಗೆ ಇವಳನ್ನ ಹೇಗೆ ನಿಲ್ಲಿಸಲಿ?”

ಆ ಹಾಲಿನಲ್ಲಿ ಅಷ್ಟು ಜನರಿದ್ದರು, ಈ ಲಿಫ್ಟಿನಿಂದ ಒಬ್ಬರಿಗೂ ಒಂದು ಬಿಡಿಗಾಸಿನ ಲಾಭವಿರಲಿಲ್ಲ. ಎಲ್ಲವನ್ನೂ ಕಳೆದುಕೊಳ್ಳುವವಳು ಇವಳೊಬ್ಬಳೇ. ಬಾಯಿ ಬಿಟ್ಟವಳೂ ಇವಳೊಬ್ಬಳೇ. ನೇರ ಮ್ಯಾನೇಜರ್ ಮುಂದೆ ಹೋಗಿ ನಿಂತಳು. “ಸಾರ್, ಸಹಿ ಹಾಕ್ಬೇಡಿ. ಲೆಕ್ಕ ತಪ್ಪಿದೆ,” ಎಂದು ಬಕೆಟ್ಟಿನ ಲೆಕ್ಕ ಹೇಳಿದಳು.

ತಪ್ಪು ಅವಳದಲ್ಲ, ನನ್ನದು ಎಂದು ನಾನು ಕೂಗಿ ಹೇಳಿದೆ. ಅಷ್ಟಾದರೂ ಮಾಡಿದೆ.

ಮ್ಯಾನೇಜರ್ ಪೆನ್ನನ್ನೂ ಕಾಗದವನ್ನೂ ಅವಳನ್ನೂ ಒಂದೊಂದು ಸಲ ನೋಡಿದರು. “ನಾನು ಹಾಕೋಕೆ ರೆಡಿ ಇದ್ನಲ್ಲಮ್ಮ,” ಎಂದರು, ಬೇಜಾರಿನಿಂದ. “ಈಗ ಕೇಳಿಸ್ಕೊಂಡ ಮೇಲೆ ಹೇಗೆ ಹಾಕ್ಲಿ?” ಆಮೇಲೆ ಗಡಿಯಾರ ನೋಡಿದರು. “ಐದು ಇಪ್ಪತ್ತು. ಆರಕ್ಕೆ ಇನ್ನೂ ನಲವತ್ತು ನಿಮಿಷ ಇದೆ.”

ಐನೂರು ಮಹಡಿ ಎಂದರೆ ಇನ್ನೂ ಮೂವತ್ತೊಂಬತ್ತು ಸಲ. ಈ ಸಲ ಕಾಗದದ ಮೇಲೆ ಬರೆದು, ಎರಡೆರಡು ಸಲ ನೋಡಿ ಹೇಳಿದೆ. ಕೆಳಗೆ ಉಳಿದಿದ್ದ ಹತ್ತುವವರು ಇಪ್ಪತ್ತಮೂರು ಜನ, ಒಬ್ಬರಿಗೂ ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಯಾರನ್ನು ಯಾವ ಬಾಯಿಂದ ಕೇಳುವುದು? ಅವಳೂ ಕೇಳಲಿಲ್ಲ.

ಮೊದಲು ಎದ್ದವನು ಟ್ರಂಕು. ನನ್ನ ಸ್ಟೂಲು ಹಿಡಿದು, ಅದನ್ನೂ ಬೀಳಿಸಿ, ಎದ್ದ. ಮೆಟ್ಟಿಲ ಬಾಗಿಲಿಗೆ ನಡೆದ. ಅವನ ಹಿಂದೆ ಟೈಪಿಸ್ಟ್ ಹುಡುಗಿಯರು ಒಬ್ಬರ ಹೆಗಲು ಒಬ್ಬರು ಹಿಡಿದು ಎದ್ದರು. ಸೊಂಟದ ಪಟ್ಟಿ ಬಿಗಿದುಕೊಂಡು ವಕೀಲರು. ಇಪ್ಪತ್ತಮೂರೂ ಜನ ಒಳಗೆ ಹೋದರು. ಆಮೇಲೆ ನೋಡಲು ಬಂದವರು: ಕಾವಲುಗಾರನ ಹೆಂಡತಿ, ಟೈಪಿಸ್ಟ್ ಹುಡುಗಿಯರ ತಾಯಂದಿರು, ತಂದೆಯಂದಿರು, ಬಾಗಿಲಲ್ಲಿ ಇಣುಕುತ್ತಿದ್ದ ಟ್ಯಾಕ್ಸಿಯವನು. ಹೆಡ್ ಮೇಡಂ ಕನ್ನಡಕವನ್ನು ಬಸುರಿ ಹುಡುಗಿಯ ಕೈಗೆ ಕೊಟ್ಟು ಹೊರಟರು. ನನಗೆ ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಅದನ್ನು ನನ್ನ ಮಡಿಲಿಗೆ ಕುಕ್ಕಿ, ನನ್ನ ಕಡೆ ಒಂದು ನೋಟ ಎಸೆದು ಹೋದಳು. ಕೊನೆಗೆ ಮ್ಯಾನೇಜರ್ ಕೋಟು ಬಿಚ್ಚಿದರು. ನಾನು ಬಾಯಿ ಬಿಟ್ಟು ನೋಡಿದೆ. “ಸಾಕ್ಷಿ ಹತ್ತಬಾರದು ಅಂತ ಕಾಗದದಲ್ಲಿ ಎಲ್ಲೂ ಬರೆದಿಲ್ಲ” ಎಂದರು.

ಮೂವತ್ತೇಳು ಜನ ಹೋದರು. ಗಂಟೆ ಐದು ನಲವತ್ತು. ಎರಡು ಕಡಿಮೆ. ಹಾಲಿನಲ್ಲಿ ಉಳಿದವರು ಬಸುರಿ ಹುಡುಗಿ, ಪಟಾಕಿ, ಮೆಟ್ಟಿಲಕ್ಕ ಮತ್ತು ನಾನು.

“ಹತ್ತೋಕೆ ಡಾಕ್ಟರು ಬೇಡ ಅಂದಿಲ್ಲ,” ಎಂದಳು ಮೆಟ್ಟಿಲಕ್ಕ. ಆಮೇಲೆ ನನ್ನ ಕಾಲಿನ ಕಡೆ ನೋಡಿದಳು. ಈ ಸಲ ನಾನು ಕಾಲು ಎಳೆದುಕೊಳ್ಳಲಿಲ್ಲ.

ಮೇಲೆ ಬ್ಯಾಂಡ್ ಹಾಕುವವರು ಬೇಕಲ್ಲ? ಪಟಾಕಿ ಬ್ಯಾಂಡುಗಳ ಡಬ್ಬಿ ಕಸಿದುಕೊಂಡು ಆಗಲೇ ಲಿಫ್ಟಿನೊಳಗಿದ್ದಳು. “ಅಂಕಲ್, ನೀವು ಬೇಗ ಬನ್ನಿ. ಲಿಫ್ಟ್ ನಾನು ನೋಡ್ಕೋತೀನಿ” ಎಂದು ನನ್ನ ಗುಂಡಿಯನ್ನು ತಾನೇ ಒತ್ತಿದಳು.

ಐವತ್ತೇಳು ವರ್ಷದ ಮೈ. ಮೂರನೇ ಮಹಡಿಗೆ ಮಂಡಿ ನಡುಗಿತು. ಆರಕ್ಕೆ ಉಸಿರು ಸಿಕ್ಕಲಿಲ್ಲ, ಕಣ್ಣಿಗೆ ಕತ್ತಲೆ ಕವಿದು ಕಂಬಿಗೆ ಜೋತುಬಿದ್ದೆ. ಮೇಲಿನಿಂದ ನೂರು ಕಾಲುಗಳ ಸದ್ದು ಕೇಳುತ್ತಿತ್ತು. ನನ್ನಿಂದಾಗುವುದಿಲ್ಲ, ನೀನು ಹೋಗು ಎಂದೆ.

“ಮೇಲೆ ನೋಡ್ಬೇಡ ಅಣ್ಣ,” ಎಂದಳು. “ಮುಂದೆ ಒಂದು ಮೆಟ್ಟಿಲಿದೆಯಲ್ಲ, ಅದೊಂದೇ ಇರೋದು. ಅದು ಮುಗಿದ ಮೇಲೆ ಇನ್ನೊಂದರ ಮಾತು.”

ಹಾಗೆ ತಲೆ ತಗ್ಗಿಸಿದಾಗಲೇ ನಾನು ಅವಳ ಮೆಟ್ಟಿಲುಗಳನ್ನು ಕಂಡದ್ದು. ಬೆಳಗ್ಗೆಯಿಂದ ಐನೂರು ಸಲ ತುಳಿದಿದ್ದರೂ ಮೂಲೆಗಳಲ್ಲಿ ಒಂದು ಎಳೆ ಕಸವಿಲ್ಲ. ಸೀಳಿದ ಒಂದು ಅಂಚಿಗೆ ಯಾರ ಕಾಲಿಗೂ ತಾಗದಂತೆ ಸಿಮೆಂಟು ಮೆತ್ತಿ ನುಣುಪು ಮಾಡಿದ್ದಾಳೆ, ತಾನೇ. ನಾನು ಜೋತುಬಿದ್ದ ಕಂಬಿಯ ಅಡಿಭಾಗವನ್ನು, ಯಾರ ಕಣ್ಣಿಗೂ ಬೀಳದ, ಯಾರ ಬೆರಳೂ ಹೋಗದ ಅಡಿಭಾಗವನ್ನು, ನನ್ನ ಬೆರಳುಗಳು ಮುಟ್ಟಿದವು. ಧೂಳಿರಲಿಲ್ಲ. ಆರರಲ್ಲೂ ಇರಲಿಲ್ಲ, ಒಂಬತ್ತರಲ್ಲೂ ಇರಲಿಲ್ಲ. ಗೋಡೆಯ ಆಚೆ ನನ್ನ ಪೆಟ್ಟಿಗೆಯಲ್ಲಿ ಫ್ಯಾನು ಹಾಕಿಕೊಂಡು ನಾನು ಇದರ ಪಕ್ಕದಲ್ಲೇ ಹನ್ನೊಂದು ವರ್ಷ ಮೇಲೆ ಕೆಳಗೆ ಓಡಾಡಿದ್ದೆ. ಇಂಥವಳಿಗೆ, ಸುಮ್ಮನಿರು ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಲು ಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ದೊಡ್ಡದೊಂದು ಏನೋ ಆಯಿತು. ದೊಡ್ಡ ಬೆಟ್ಟದ ಬುಡದಲ್ಲಿ ನಿಂತಾಗ ಆಗುತ್ತದಲ್ಲ, ಅದು.

ಹನ್ನೆರಡು ದಾಟಿ ಮುಂದಿನ ಬಾಗಿಲಿಗೆ ಬಂದಾಗ ಆರಕ್ಕೆ ನಾಲ್ಕು ನಿಮಿಷವಿತ್ತು. ಎಲ್ಲರೂ ಅಲ್ಲೇ ನೆಲದ ಮೇಲೆ ಬಿದ್ದಿದ್ದರು, ಮ್ಯಾನೇಜರ್ ಪಕ್ಕದಲ್ಲಿ ಟ್ರಂಕು, ಟ್ರಂಕಿನ ಪಕ್ಕದಲ್ಲಿ ನನ್ನ ಹೆಂಡತಿ. ಪಟಾಕಿ ಮೊದಲು ನನಗೆ ಬ್ಯಾಂಡ್ ಹಾಕಿದಳು, ಆಮೇಲೆ ತನ್ನ ಅಮ್ಮನಿಗೆ. ಐನೂರ ಮೂವತ್ತೊಂಬತ್ತು ಸಲ, ಏಳು ಸಾವಿರದ ಏಳು ಮಹಡಿ. ಮ್ಯಾನೇಜರ್ ನೆಲದ ಮೇಲೆ ಕುಳಿತೇ ಸಹಿ ಹಾಕಿದರು. ಬೆವರು ಬಿದ್ದು ಸಹಿ ಸ್ವಲ್ಪ ಹರಡಿದೆ, ಬೇಕಾದರೆ ಶಾಲೆಯ ಆಫೀಸಿನಲ್ಲಿ ನೋಡಬಹುದು.

ಶಾಲೆ ತೆರೆದ ದಿನ ನಾನೂ ರಜೆ ಹಾಕಿ ಹೋದೆ. ಮುರಿದ ಬೆಂಚುಗಳಿದ್ದ ಜಾಗದಲ್ಲಿ ಈಗ ಲಿಫ್ಟು. ನಾಲ್ಕೇ ಗುಂಡಿ. ಕಸುಬಿನವನಾಗಿ ಪರೀಕ್ಷೆ ಮಾಡಿದೆ, ಬಾಗಿಲು ಮುಚ್ಚುವಾಗ ಸ್ವಲ್ಪ ಕಿರುಗುಟ್ಟುತ್ತದೆ, ಮಿಕ್ಕಂತೆ ಒಳ್ಳೆಯ ಮಾಲು. ಮೊದಲ ಸವಾರಿ ಹನ್ನೊಂದು ಮಕ್ಕಳದು. ಎರಡು ಗುಂಪು ಮಾಡಿದ್ದರು. ಗಾಲಿಕುರ್ಚಿಯಲ್ಲಿದ್ದ ಪುಟ್ಟ ಮಕ್ಕಳು ಮೊದಲು. ಎರಡನೆಯ ಗುಂಪಿನಲ್ಲಿ ಪಟಾಕಿ ಗುಂಡಿಗಳ ಪಕ್ಕ ನಿಂತು, “ನೀವೆಲ್ಲ ಹಿಂದೆ ಸರೀರಿ” ಎಂದು ಗದರಿಸಿ ಮೂರನ್ನು ಒತ್ತಿದಳು. ಬಾಗಿಲು ಮುಚ್ಚಿಕೊಂಡಿತು.

ಮೆಟ್ಟಿಲಕ್ಕ ಒಂದು ಕ್ಷಣ ಮುಚ್ಚಿದ ಬಾಗಿಲನ್ನು ನೋಡಿದಳು. ಅವಳ ಎರಡು ಕೈಗಳೂ ತಾವಾಗಿಯೇ ಬೆನ್ನ ಹಿಂದೆ ಹೋಗಿ, ಮಗಳ ಕಾಲುಗಳನ್ನು ಹಿಡಿಯುವ ಹಾಗೆ ಕೂಡಿಕೊಂಡಿದ್ದವು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಆಮೇಲೆ ಸರಕ್ಕನೆ ತಿರುಗಿ ಮೆಟ್ಟಿಲು ಹತ್ತಿ ಓಡಿದಳು. ನಾನೂ ಹಿಂದೆ ಹೋದೆ. ಹೌದು, ಮೆಟ್ಟಿಲಿನಲ್ಲೇ.

ನಾವು ತಲುಪಿದಾಗ ಪಟಾಕಿ ಲಿಫ್ಟಿನಿಂದ ಇಳಿದು ಗೆಳತಿಯ ಜೊತೆ ಹರಟುತ್ತ ತರಗತಿಯ ಕಡೆ ಊರುಗೋಲು ಹಾಕುತ್ತಿದ್ದಳು. ತಿರುಗಿ ಅಮ್ಮನನ್ನು ನೋಡಿ ಅವಳಿಗೆ ಆಶ್ಚರ್ಯ.

“ಅಮ್ಮ, ನೀನ್ಯಾಕೆ ಬಂದೆ? ನಿಂಗೆ ಕೆಲಸಕ್ಕೆ ತಡ ಆಗಲ್ವಾ?”

ಅಷ್ಟು ಹೇಳಿ, ಬಿಟ್ಟ ಹರಟೆಯ ತುದಿ ಮತ್ತೆ ಹಿಡಿದುಕೊಂಡು ಗೆಳತಿಯ ಜೊತೆ ಒಳಗೆ ಹೋಗಿಬಿಟ್ಟಳು. ತಿರುಗಿ ನೋಡಲಿಲ್ಲ. ನೋಡಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ.

ಮೆಟ್ಟಿಲಕ್ಕ ಗೋಡೆಗೆ ಒರಗಿದಳು. ನಾಲ್ಕು ವರ್ಷ ಆ ಬಾಗಿಲವರೆಗೆ ಹೊತ್ತು ತಂದವಳು. ಅವಳು ಅಳುತ್ತಾಳೆಂದು ನಾನು ಕರ್ಚೀಫು ಹುಡುಕುತ್ತಿದ್ದೆ. ಅವಳು ನಗುತ್ತಿದ್ದಳು. ಬೆನ್ನು ನೆಟ್ಟಗೆ ಮಾಡಿ, ಸದ್ದಿಲ್ಲದೆ, ಮೈಯೆಲ್ಲ ಅಲುಗುವ ಹಾಗೆ ನಗುತ್ತಿದ್ದಳು.

“ಕೇಳಿದ್ಯಾ ಅಣ್ಣ,” ಎಂದಳು, “ನಾನ್ಯಾಕೆ ಬಂದೆ ಅಂತೆ.”